ತಲೆಕೆಳಗಾದ ಗುರಾಣಿ

ಎದೆ ಸೀಳಿಸಿಕೊಂಡು, ಹೃದಯಕ್ಕೆ ತೇಪೆ ಹಾಕಿಸಿಕೊಂಡು ಬಂದ ಮೇಲೆ ಅನ್ಸೆಲ್ಮೋ ಒಂದು ಸಲವೂ ಕ್ಲಬ್ಬಿನ ಕಡೆ ತಲೆಹಾಕಿರಲಿಲ್ಲ. ಹೋಗು ಹೋಗು ಅಂತ ಹೇಳಿ ಹೆಂಡತಿ ಇರ್ಮಾ ಸೋತಿದ್ದಳು. ಹಿಂದೆ ಇದೇ ಇರ್ಮಾ ಹೋಗಬೇಡ ಹೋಗಬೇಡ ಅಂತ ಹೇಳಿ ಸೋತಿದ್ದಳು ಎಂಬುದು ಬೆರಿಸ್ಸೋ ಊರಿಗೆಲ್ಲ ಗೊತ್ತು.

ಬಸ್ಸು ಓಡಿಸಿಕೊಂಡಿದ್ದ ಗಂಡಸು ನಿವೃತ್ತನಾದ ಮೇಲೆ ಏನು ಮಾಡುತ್ತಾನೆ? ನದಿಗೆ ಹೋಗಿ ಮೀನು ಹಿಡಿಯುತ್ತಾನೆ, ಇಲ್ಲವೇ ಕ್ಲಬ್ಬಿನ ಅಂಗಳದಲ್ಲಿ ಬೋಚಾ ಚೆಂಡು ಉರುಳಿಸುತ್ತಾನೆ. ಅನ್ಸೆಲ್ಮೋ ಉಕ್ಕಿನ ಕವಚ ತೊಟ್ಟ. ಅದೇ ಅಂಗಳದಲ್ಲಿ ಶನಿವಾರ ಮಧ್ಯಾಹ್ನ, ಅವನ ಅರ್ಧ ವಯಸ್ಸಿನ ಹುಡುಗ ಹುಡುಗಿಯರು ಹಳೇ ಕಾಲದ ಯೋಧರ ಹಾಗೆ ಶಿರಸ್ತ್ರಾಣ ಹಾಕಿಕೊಂಡು ಮೊಂಡು ಕತ್ತಿಗಳಲ್ಲಿ ನಿಜವಾಗಿ ಬಡಿದಾಡುತ್ತಿದ್ದರು. ಬೋಚಾ ಆಡುವ ಮುದುಕರು ಅವರಿಗೆ ಇಟ್ಟ ಹೆಸರು 'ಮೀನಿನ ಡಬ್ಬಿಗಳು'. ಇವನು ಆ ಡಬ್ಬಿಗಳಲ್ಲೇ ಹಿರಿಯ ಡಬ್ಬಿಯಾದ.

ಪ್ರತಿಯೊಬ್ಬರೂ ತಮಗೊಂದು ಲಾಂಛನ ಮಾಡಿಕೊಂಡು ಗುರಾಣಿಯ ಮೇಲೆ ಬರೆಯಬೇಕು, ಆ ಗುರಾಣಿ ಕ್ಲಬ್ಬಿನ ಗೋಡೆಯ ಮೇಲೆ ತೂಗಬೇಕು. ಅನ್ಸೆಲ್ಮೋನದು ನೀಲಿಯ ಮೇಲೆ ಬಂಗಾರದ ಬಸ್ ಚಕ್ರ.

"ಬಣ್ಣದ ಮೇಲೆ ಬಣ್ಣ ಕೂಡದು, ಮುದುಕಿ. ಬಣ್ಣದ ಮೇಲೆ ಬೆಳ್ಳಿ ಬರಬೇಕು, ಇಲ್ಲಾ ಬಂಗಾರ ಬರಬೇಕು. ದೂರದಿಂದ ನೋಡಿದ್ರೂ ಯಾರು ಅಂತ ಗೊತ್ತಾಗ್ಬೇಕು," ಎಂದು ಅಡುಗೆಮನೆಯಲ್ಲಿ ನಿಂತು ಪಾಠ ಹೇಳುತ್ತಿದ್ದ.

"ನನ್ನ ಏಪ್ರನ್ನೂ ನೀಲಿ ಮೇಲೆ ಹಳದಿ," ಎನ್ನುತ್ತಿದ್ದಳು ಇರ್ಮಾ. "ಹಾಗಾದ್ರೆ ನಾನೂ ದೊಡ್ಡ ಮನೆತನದೋಳೇ. ಸ್ವಲ್ಪ ಆಚೆ ಸರಿ, ಹಿಟ್ಟು ನಾದ್ಬೇಕು."

ಆ ಗೋಡೆಗೂ ಒಂದಷ್ಟು ಪದ್ಧತಿಗಳಿದ್ದವು. ಅವನು ಎಲ್ಲವನ್ನೂ ಹೇಳಿದ್ದ. ಅವಳು ಹಿಟ್ಟು ನಾದುತ್ತಿದ್ದಳು.

ಈಗ ಕವಚವೆಲ್ಲ ಮಲಗುವ ಕೋಣೆಯ ಮೂಲೆಯಲ್ಲಿ ಬೆಡ್‌ಶೀಟು ಹೊದ್ದು ಕೂತಿತ್ತು. ಭಾರ ಎತ್ತಬಾರದು, ಎದೆಗೆ ಪೆಟ್ಟು ಬೀಳಬಾರದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ದಿನಾ ಬೆಳಿಗ್ಗೆ ಇರ್ಮಾ ಅವನ ಎದೆಗೆ ಆಸ್ಪತ್ರೆಯ ಅಗಲ ಬೆಲ್ಟು ಸುತ್ತಿ ಕಟ್ಟುವಾಗ ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕ್ಲಬ್ಬಿನವರು ನೋಡಲು ಬಂದರೆ, "ಮಲಗಿದ್ದಾನೆ ಅಂತ ಹೇಳಿ ಕಳಿಸು," ಎನ್ನುತ್ತಿದ್ದ. ಅವಳು ಹಾಗೇ ಹೇಳಿ ಕಳಿಸುತ್ತಿದ್ದಳು. ಆಮೇಲಾಮೇಲೆ ಅವರೂ ಬರುವುದು ಕಡಿಮೆ ಮಾಡಿದರು.

ಒಂದು ಮಂಗಳವಾರ, ಸೋರೆ ಬುರುಡೆಯ ಬಟ್ಟಲಲ್ಲಿ ಮಾಟೆಯ ಕಹಿ ಎಲೆ ತುಂಬಿ ಬಿಸಿನೀರು ಹೊಯ್ಯುತ್ತ ಅವನೆಂದ, "ಹೋಗಿ ನನ್ನ ಗುರಾಣಿ ಇಳಿಸ್ಕೊಂಡು ಬಾ. ಕಾದಾಡದೋನ ಗುರಾಣಿಗೆ ಆ ಗೋಡೆ ಮೇಲೆ ಏನು ಕೆಲಸ?"

"ಇರ್ಲಿ ಬಿಡು, ಮುದುಕಾ. ಅದೇನು ನಿನ್ನ ಹತ್ರ ಅನ್ನ ಕೇಳುತ್ತಾ?"

"ನೀನು ಹೋಗದಿದ್ರೆ ನಾನೇ ಹೋಗಿ ಏಣಿ ಹತ್ತುತ್ತೀನಿ."

ಹೋದಳು. ಕ್ಲಬ್ಬಿನ ಬಾಗಿಲು ಕಾಯುವ ಕಾಚೋ ಬೀಗ ತೆಗೆದುಕೊಟ್ಟು, ಪೊರಕೆ ಹಿಡಿದು ಅಂಗಳ ಗುಡಿಸುತ್ತ ನಿಂತ. ಇರ್ಮಾ ಕುರ್ಚಿ ಹತ್ತಿ ಗುರಾಣಿಯನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಏಪ್ರನ್ನಿನಿಂದ ಒರೆಸಿದಳು. ಜೇಡರ ಬಲೆ ಹೋಯಿತು, ಚಕ್ರ ಹೊಳೆಯಿತು. ಇದನ್ನು ಬಳಿಯುವಾಗ ಆ ಮನುಷ್ಯ ಮೂಗಿನ ತುದಿಗೆಲ್ಲ ಹಳದಿ ಬಣ್ಣ ಮಾಡಿಕೊಂಡು ಊಟಕ್ಕೆ ಬಂದಿದ್ದ. ಅದು ನೆನಪಾಗಿ ಅವಳ ಕಣ್ಣು ತುಂಬಿತು. ಇವತ್ತು ಗುರಾಣಿ ಗೋಡೆ ಬಿಟ್ಟಿತೆಂದರೆ ನಾಳೆ ಈ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು. ತಿರುಗಿ ಕುರ್ಚಿ ಹತ್ತಿದಳು. ತೂಗುಹಾಕಲು ನೋಡಿದರೆ ಮೇಲಿನ ಚರ್ಮದ ಪಟ್ಟಿ ಲಡ್ಡು ಹಿಡಿದು ಕೈಗೇ ಬಂತು. ಕೆಳಗಿನ ಪಟ್ಟಿ ಗಟ್ಟಿಯಾಗಿತ್ತು. ಅದರಿಂದಲೇ ತೂಗುಹಾಕಿದಳು. ಗುರಾಣಿಯ ಚೂಪು ತುದಿ ಮೇಲಾಯಿತು. ಆದರೇನು, ಚಕ್ರ ಯಾವ ಕಡೆಯಿಂದ ನೋಡಿದರೂ ಚಕ್ರವೇ.

ಮನೆಗೆ ಬಂದು, "ಕಾಚೋ ಊರಲ್ಲಿಲ್ಲ, ಬೀಗ ಹಾಕಿದೆ," ಎಂದಳು.

ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಪಾತ್ರೆ ಅಂಗಡಿಯೇ ನಡೆದು ಬಂದಂಥ ಸದ್ದು. ಆಮೇಲೆ ಗೇಟಿನ ಮುಂದೆ ಯಾರೋ ಮನೆಯವರನ್ನು ಕರೆಯಲು ಚಪ್ಪಾಳೆ ತಟ್ಟಿದರು. ಇರ್ಮಾ ಬಾಗಿಲು ತೆಗೆದಳು. ಕ್ಲಬ್ಬಿನ ಪಟಾಲಮ್ಮೆಲ್ಲ ಕವಚ ತೊಟ್ಟು, ಶಿರಸ್ತ್ರಾಣ ಕಂಕುಳಲ್ಲಿ ಇರುಕಿಕೊಂಡು, ಕತ್ತಿಗಳಿಗೆ ಕಪ್ಪು ರಿಬ್ಬನ್ನು ಸುತ್ತಿಕೊಂಡು ನಿಂತಿತ್ತು. ಮುಂದೆ ನಿಂತಿದ್ದ ಯಮೀಲಾ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಹುಡುಗಿ, ಗುಂಪಿಗೆ ಅವಳೇ ನಾಯಕಿ. ಅತ್ತೂ ಅತ್ತೂ ಮುಖ ಊದಿತ್ತು. ಪಕ್ಕದಲ್ಲಿ ಕಟುಕರ ಬ್ರೂನೋ, ಕೈಯಲ್ಲಿ ದೊಡ್ಡ ತಟ್ಟೆ ತುಂಬ ಎಂಪನಾದ, ಮಾಂಸದ ಕಡುಬು. ಎದುರುಮನೆಯಾಕೆ ಆಗಲೇ ಕಿಟಕಿಗೆ ಬಂದಿದ್ದಳು.

"ದೊನ್ಯಾ ಇರ್ಮಾ," ಎಂದಳು ಯಮೀಲಾ, "ನಮಗೊಂದು ಮಾತು ಹೇಳಿ ಕಳಿಸಬಾರದಿತ್ತಾ? ಒಂದು ಹಿಡಿ ಮಣ್ಣಾದ್ರೂ ಹಾಕ್ತಿದ್ವಿ."

"ಯಾರಿಗೆ?"

ಅಷ್ಟರಲ್ಲಿ ಚಪ್ಪಲಿ ಎಳೆಯುತ್ತ, ಮಾಟೆ ಹೀರುತ್ತ ಅನ್ಸೆಲ್ಮೋ ಹಿಂದೆ ಬಂದು ನಿಂತ. "ಏನು ಗಲಾಟೆ? ಯಾರು ಹೋಗಿಬಿಟ್ರು?"

ಬ್ರೂನೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತಟ್ಟೆ ಬೀಳದ ಹಾಗೆ ಹಿಡಿದು, "ನೀವೇ, ದೊನ್," ಎಂದ.

ಯಮೀಲಾ ಎಲ್ಲ ಬಿಡಿಸಿ ಹೇಳಿದಳು. ಸತ್ತವರ ಗುರಾಣಿಯನ್ನು ಚೂಪು ಮೇಲಾಗಿ ತಿರುಗಿಸುವುದು ಆ ಗೋಡೆಯ ಪದ್ಧತಿ. ಅವತ್ತು ಬೆಳಿಗ್ಗೆ ಕ್ಲಬ್ಬಿಗೆ ಬಂದವರು ಅನ್ಸೆಲ್ಮೋನ ಗುರಾಣಿ ತಲೆಕೆಳಗಾಗಿರುವುದನ್ನು ಕಂಡರು. "ದೊನ್ಯಾ ಇರ್ಮಾನೇ ಬಂದಿದ್ರು, ಒರೆಸಿ, ಅತ್ತು, ಹಾಗೆ ಹಾಕಿ ಹೋದ್ರು," ಎಂದು ಕಾಚೋ ಹೇಳಿದ. ಹೆಂಡತಿಯೇ ತನ್ನ ಕೈಯಾರೆ ತಿರುಗಿಸಿದ ಮೇಲೆ ಫೋನು ಮಾಡಿ ನಿಜವೇ ಎಂದು ಕೇಳುವ ಬಾಯಿ ಯಾರಿಗಿದೆ?

ಅನ್ಸೆಲ್ಮೋ ಹೆಂಡತಿಯ ಕಡೆ ತಿರುಗಿದ. "ಕಾಚೋ ಊರಲ್ಲಿಲ್ಲ ಅಂದಿದ್ಯಲ್ಲ."

"ಸುಳ್ಳು ಹೇಳ್ದೆ. ಇಳಿಸ್ದೆ, ತರೋಕೆ ಮನಸ್ಸು ಬರಲಿಲ್ಲ. ಮೇಲಿನ ಪಟ್ಟಿ ಕಿತ್ತು ಬಂತು, ಕೆಳಗಿಂದ ಹಾಕ್ದೆ. ಹಾಗೆ ಹಾಕಿದ್ರೆ ನಿನ್ನನ್ನೇ ಮಣ್ಣು ಮಾಡ್ದಂಗೆ ಅಂತ ನಂಗೇನು ಗೊತ್ತು?"

ಯಾರೋ ನಗಲು ಹೋಗಿ ತಡೆದುಕೊಂಡರು. ಅನ್ಸೆಲ್ಮೋ ನಗಲಿಲ್ಲ. ಬುರುಡೆಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಗೊತ್ತಿಲ್ಲದೇನೇ ಸರಿಯಾಗಿ ಮಾಡಿದ್ದೀಯ. ಹಾಗೇ ಇರ್ಲಿ ಬಿಡಿ. ಬಂದಿದ್ದಕ್ಕೆ ಸಂತೋಷ."

ಯಮೀಲಾಳ ಕೆನ್ನೆ ಕೆಂಪಾಯಿತು.

"ಇಡೀ ಬೀದಿ ಅತ್ಕೊಂಡು ಬಂದಿದೀನಿ," ಎಂದಳು. "ಬದುಕಿದ್ದೂ ಹೀಗೆ ಮಾತಾಡ್ತೀರಲ್ಲ. ನಡೀರೋ ಹೋಗೋಣ." ಹಾಗಂದು ತಿರುಗಿದಳು. ತಿರುಗಿದ ರಭಸಕ್ಕೆ ಅವಳ ಎಡಭುಜದ ಉಕ್ಕಿನ ತಗಡು ಹಳೇ ಬಾಗಿಲಿನ ಹಾಗೆ ಲಟಪಟ ಬಡಿಯಿತು.

"ನಿಲ್ಲು," ಎಂದ ಅನ್ಸೆಲ್ಮೋ. "ಅದನ್ನ ಯಾರು ಕಟ್ಟಿದ್ದು?"

"ಬ್ರೂನೋ."

"ಅದು ಹಂದಿ ತೊಡೆ ನೇತುಹಾಕೋ ಗಂಟು ಕಣೋ, ಬ್ರೂನೋ."

"ನಂಗೆ ಬರೋದು ಅದೊಂದೇ, ದೊನ್."

ಅವನು ಆಗಲೇ ಮೆಟ್ಟಿಲು ಇಳಿದಿದ್ದ. ಗಂಟು ಬಿಚ್ಚಿ, ತಗಡನ್ನು ಬೆರಳಷ್ಟು ಮೇಲಕ್ಕೆ ಸರಿಸಿ, ಪಟ್ಟಿಯನ್ನು ಬಕಲಿನೊಳಗೆ ತೂರಿಸಿ ಎಳೆದ. ತಗಡಿನ ಕೆಳಗೆ ಅವಳ ಹೆಗಲು ಉಜ್ಜಿ ಉಜ್ಜಿ ಸುಲಿದುಹೋಗಿತ್ತು.

"ಎಷ್ಟು ದಿನದಿಂದ ಹೀಗೆ?"

"ನೀವು ಬರೋದು ಬಿಟ್ಟಾಗಿಂದ."

"ಬಂದು ಕೇಳಬಾರದಿತ್ತಾ?"

"ಬಂದಿದ್ದೆ. ಮಲಗಿದ್ದೀರಿ ಅಂದ್ರು."

ಅವನ ಕೈ ಅರೆಗಳಿಗೆ ನಿಂತಿತು. ಬಾಗಿಲಲ್ಲಿದ್ದ ಇರ್ಮಾ ಬಾಯಿ ಬಿಟ್ಟಳು. "ಮುದುಕಾ, ಕವಚ ತೊಟ್ಟೋನು ತನ್ನ ಬೆನ್ನಿನ ಪಟ್ಟಿ ತಾನೇ ಕಟ್ಕೊಳ್ಳೋಕಾಗಲ್ಲ, ರಾಜನಾದ್ರೂ ಇನ್ನೊಬ್ಬರ ಬೆರಳು ಬೇಕು. ಇದು ನೀನೇ ಹೇಳ್ತಿದ್ದ ಮಾತು. ನಾನು ಹಿಟ್ಟು ನಾದ್ತಾ ಇದ್ರೂ ಅದೊಂದು ಕೇಳಿಸ್ಕೊಂಡಿದ್ದೆ. ಬೆಳಿಗ್ಗೆ ನಾನು ನಿಂಗೆ ಬೆಲ್ಟು ಕಟ್ಟುವಾಗ ಮಾತ್ರ ಗೋಡೆ ನೋಡ್ತೀಯ."

ಅವನು ಬಕಲನ್ನು ಇನ್ನೊಮ್ಮೆ ಎಳೆದು ನೋಡಿ, ಯಮೀಲಾಳ ಬೆನ್ನು ತಟ್ಟಿದ. "ಮುಂದಿನೋರು ಬನ್ನಿ."

ಗೇಟಿನ ಒಳಗೆ ಸಾಲು ನಿಂತಿತು. ಅವನು ಒಬ್ಬೊಬ್ಬರನ್ನೂ ತಿರುಗಿಸಿ, ಬೈದು, ಬಿಚ್ಚಿ, ಕಟ್ಟಿದ. ಕಾದು ನಿಂತವರು ತಿಥಿಯ ಎಂಪನಾದ ತಿಂದರು. ಎದುರುಮನೆಯಾಕೆಗೂ ಎರಡು ಹೋದವು.

"ಭಾಷಣ ಬೇರೆ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ," ಎಂದ ಬ್ರೂನೋ ತನ್ನ ಸರದಿಯಲ್ಲಿ.

"ಮರೀಬೇಡ. ಇವತ್ತಲ್ಲ ನಾಳೆ ಬೇಕಾಗುತ್ತೆ."

ಎಲ್ಲರದೂ ಮುಗಿದಾಗ ಅವನ ಹಣೆಯಲ್ಲಿ ಬೆವರಿತ್ತು. ಅಂಗಿಯೊಳಗೆ ಬೆಲ್ಟು ಸಡಿಲವಾಗಿ ಜಾರಿತ್ತು. ಅವನು ಇರ್ಮಾಳ ಎದುರು ಬಂದು, ಅಷ್ಟೂ ಜನ ನೋಡುತ್ತಿರುವಾಗಲೇ ಅಂಗಿಯ ಗುಂಡಿ ಬಿಚ್ಚಿ, ಕಾಳಗಕ್ಕೆ ಹೊರಟವನ ಹಾಗೆ ಎರಡೂ ತೋಳುಗಳನ್ನು ನಿಧಾನವಾಗಿ ಎತ್ತಿದ.

"ಇದನ್ನ ಬಿಗಿ ಮಾಡು. ಕ್ಲಬ್ಬಿಗೆ ಹೋಗ್ಬೇಕು."

ಇರ್ಮಾ ಬಿಗಿ ಮಾಡಿದಳು. ಅವನು ಗೋಡೆ ನೋಡಲಿಲ್ಲ, ಅವಳ ನೆತ್ತಿಯನ್ನೇ ನೋಡುತ್ತ ನಿಂತಿದ್ದ.

ಕ್ಲಬ್ಬಿನ ಬಾಗಿಲಲ್ಲಿ ಕಾಚೋ ಅವನನ್ನು ಕಂಡು ಪೊರಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದ. ಅದನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಇರ್ಮಾ ದಬ್ಬಳದಲ್ಲಿ ಹೊಸ ಪಟ್ಟಿ ಹೊಲಿದು, ಗುರಾಣಿ ಎತ್ತಿಕೊಂಡು ಕುರ್ಚಿ ಹತ್ತಿದಳು. ಭಾರ ಎತ್ತಬಾರದವನು ಕೆಳಗೆ ನಿಂತು ಕುರ್ಚಿಯ ಕಾಲು ಹಿಡಿದುಕೊಂಡ.

"ಚೂಪು ಯಾವ ಕಡೆ?" ಎಂದು ಕೇಳಿದ.

"ಕೆಳಗೆ."

"ಯಾಕೆ?"

"ಯಾಕಂದ್ರೆ ಕುರ್ಚಿ ಹಿಡ್ಕೊಂಡಿರೋನು ನೀನು," ಎಂದಳು ಇರ್ಮಾ. "ಸರಿಯಾಗಿ ಹಿಡ್ಕೋ, ಅಲ್ಲಾಡ್ತಿದೆ."