ಆದ್ರೆ ಮೇಡಂ

ಅವರ ಬಾಯಿಂದ ಹೊರಡುವ ಮೊದಲ ಪದ ಸಾಮಾನ್ಯವಾಗಿ ‘ಆದ್ರೆ’. ಎದುರಿಗಿದ್ದವರು ಇನ್ನೂ ಏನನ್ನೂ ಹೇಳಿರದಿದ್ದರೂ, ಹೇಳಲಿರುವುದರ ವಿರುದ್ಧ ಮುಂಗಡವಾಗಿ ಆಕ್ಷೇಪಣೆ ಸಲ್ಲಿಸುವವರಂತೆ, ತಲೆಯನ್ನು ತುಸು ಓರೆಮಾಡಿ, ಕನ್ನಡಕದ ಮೇಲಂಚಿನಿಂದ ನೋಡುತ್ತ ಅದನ್ನು ಉಚ್ಚರಿಸುತ್ತಿದ್ದರು. ಖಗೋಳ ಸಂಶೋಧನಾಲಯದ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಅವರು ‘ಆದ್ರೆ ಮೇಡಂ’. ಈ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಸಾಕಷ್ಟು ಪುರಾವೆ ದೊರೆಯದ ಕಾರಣ ಸುಮ್ಮನಿದ್ದರು.

ನಡೆಯುವಾಗ ಗೋಡೆಯ ಪಕ್ಕವೇ ಬೇಕು, ನೆಲ ಗಟ್ಟಿಯಾಗಿದೆಯೋ ಇಲ್ಲವೋ ಎಂದು ವಿಚಾರಿಸುವಂಥ ಹೆಜ್ಜೆ. ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲವರೆಗೆ ಹೋಗಿ, ಹಿಂದಿರುಗಿ ಬಂದು ಮತ್ತೆ ಎಳೆಯುವರು. ಪರಲೋಕಗಳ ಹವೆಯನ್ನು ಅಳೆಯುವುದನ್ನೇ ಕಸುಬಾಗಿಸಿಕೊಂಡ ಈ ವಿದುಷಿ ತಮ್ಮೂರಿನ ಹವಾಮಾನ ವರದಿಯನ್ನು ಒಂದು ದಿನವೂ ನಂಬಿದವರಲ್ಲ. ಸುಡುವ ಬೇಸಿಗೆಯಲ್ಲೂ ಬೂದುಬಣ್ಣದ ದಪ್ಪ ಕೋಟೊಂದು ತೋಳಿನ ಮೇಲೆ ಜೋತಾಡುತ್ತಿತ್ತು. “ಹಾಲು ಬೆಳ್ಳಗಿದೆ ಅಂದ್ರೆ, ಯಾವ ಬೆಳಕಲ್ಲಿ ನೋಡಿದ್ರಿ ಅಂತ ಕೇಳ್ತಾಳೆ,” ಎಂದು ಹಲ್ಲಿನ ವೈದ್ಯರಾದ ಅವರ ಯಜಮಾನರು ಹೇಳಿ ನಗುತ್ತಿದ್ದರು.

ನಗೆಯ ಮಾತಾದರೂ ಅವರ ವಿದ್ಯೆಯೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಅತ್ತ ನಕ್ಷತ್ರವಾಗಲಾರದೆ, ಇತ್ತ ಗ್ರಹವೂ ಅಲ್ಲದೆ ಎಡಬಿಡಂಗಿಗಳಂತೆ ಉಳಿದ ಕಂದು ಕುಬ್ಜಗಳೆಂಬ ಕಾಯಗಳಲ್ಲಿ ಕಬ್ಬಿಣದ ಹನಿಗಳ ಮೋಡ ಕವಿಯುವ ಬಗೆಯನ್ನು ಕುರಿತು ಅವರು ಬರೆದುದಕ್ಕೆ ದೂರದೂರದಲ್ಲಿ ಮನ್ನಣೆಯಿತ್ತು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಶಿಷ್ಯೆಗೆ ಮಾತ್ರ ಆ ಮನ್ನಣೆಗಿಂತ ಅವರ ಓರೆ ನೋಟವೇ ಹೆಚ್ಚು ಪರಿಚಿತ.

ಈ ಶಿಷ್ಯೆ ಒಂದು ವರ್ಷ ಬೆನ್ನುಹತ್ತಿದ್ದು ಕೆಂಪಾದ ಪುಟ್ಟ ನಕ್ಷತ್ರವೊಂದನ್ನು ಸುತ್ತುವ, ಭೂಮಿಗಿಂತ ತುಸು ದೊಡ್ಡದಾದ ಗ್ರಹವನ್ನು. ಗ್ರಹವು ನಕ್ಷತ್ರದ ಮುಂದೆ ಹಾಯುವಾಗ ಅದರ ಹವೆಯನ್ನು ಸೋಸಿ ಬರುವ ಎಳೆಬೆಳಕಿನಲ್ಲಿ ಆಕೆಗೆ ನೀರಾವಿಯ ಗುರುತು ಸಿಕ್ಕಿತು. ನಿರ್ದೇಶಕರು ಪತ್ರಕರ್ತರನ್ನು ಕರೆಸುವ ಸಿದ್ಧತೆ ಆರಂಭಿಸಿಯೇಬಿಟ್ಟರು. ಎತ್ತು ಈಯಿತು ಎಂದರೆ ಕರುವನ್ನು ಕಟ್ಟಲು ಹಗ್ಗ ಹುಡುಕುವವರ ಸಂಭ್ರಮ ಅದು.

“ಆದ್ರೆ ಆ ನೀರು ಗ್ರಹದ್ದೇ ಅಂತ ಹೇಗೆ ಹೇಳ್ತೀಯ?” ಎಂದರು ಮೇಡಂ. ಇಂಥ ನಕ್ಷತ್ರಗಳ ಮೈಮೇಲಿನ ಕಪ್ಪು ಕಲೆಗಳು ಎಷ್ಟು ತಣ್ಣಗಿರುತ್ತವೆಂದರೆ ಅಲ್ಲಿಯೇ ನೀರಾವಿ ಇರಬಲ್ಲದು. ನಕ್ಷತ್ರದ ಸೊತ್ತನ್ನು ಗ್ರಹದ ಖಾತೆಗೆ ಬರೆದಂತಾಗಬಾರದು ಎಂದು ವಿವರಿಸಿದರು. ಅಲ್ಲಿಗೇ ನಿಂತಿದ್ದರೆ ಶಿಷ್ಯೆ ಸಹಿಸುತ್ತಿದ್ದಳು. ಒಂದು ವೀಕ್ಷಣೆಯನ್ನು ಲೆಕ್ಕದಿಂದ ಕೈಬಿಟ್ಟದ್ದೇಕೆಂದು ಕೇಳಿದರು. ದೂರದರ್ಶಕ ಅಲುಗಿತ್ತೆಂದು ಆಕೆ ಹೇಳಿದಾಗ ಕನ್ನಡಕದ ಮೇಲಿನಿಂದ ದಿಟ್ಟಿಸಿ, “ಅದು ಅಲುಗಿತ್ತೋ, ನಿನಗೆ ಅದು ಬೇಡವಾಗಿತ್ತೋ?” ಎಂದರು.

ಆ ಮಾತು ಮುಳ್ಳಿನಂತೆ ನಾಟಿತು. ಪ್ರಕಟಣೆಗೆ ಮೇಡಂ ಒಪ್ಪಿಗೆ ಕೊಡಲಿಲ್ಲ. ವಾರಗಳು ಕಳೆದವು. ಒಂದು ದಿನ ಕ್ಯಾಂಟೀನಿನ ಮೂಲೆಯಲ್ಲಿ ಅವರು ಪ್ರತಿಸ್ಪರ್ಧಿ ತಂಡದ ಮುಖ್ಯಸ್ಥನೊಡನೆ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದುದನ್ನು ಶಿಷ್ಯೆ ಕಂಡಳು. ಆಕೆ ಹತ್ತಿರ ಬಂದೊಡನೆ ಇಬ್ಬರ ಬಾಯಿಗೂ ಬೀಗ ಬಿತ್ತು. ಜೊತೆಯಲ್ಲಿ ವಾಸವಿದ್ದ ಅಕ್ಕ, ಆಸ್ಪತ್ರೆಯ ದಾದಿ, ಸಂಗತಿ ಕೇಳಿ, “ನೀನು ಬಂದ ಕೂಡ್ಲೆ ನಿಂತುಹೋಯ್ತಲ್ಲ, ಆ ಮಾತು ನಿನ್ನದೇ ಕಣೇ,” ಎಂದಳು. ಶಿಷ್ಯೆ ತನ್ನ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದಳು. ಗುರುವಿನ ಎದುರು ಪರದೆಯನ್ನು ತಿರುಗಿಸಿ ಇಡತೊಡಗಿದಳು.

ತನ್ನ ಮಾತಿಗೆ ಪ್ರಮಾಣ ಒದಗಿಸಲೇಬೇಕೆಂದು ಆಕೆ ದೂರದರ್ಶಕದ ಎಂಜಿನಿಯರರನ್ನು ಕಾಣಲು ಹೋದಾಗ ಅವರು ಅಚ್ಚರಿಪಟ್ಟರು. “ಅಲುಗಿದ್ದು ನಿಜ. ನಿಮ್ಮ ಮೇಡಂ ಆಗಲೇ ಬಂದು ಕೇಳ್ಕೊಂಡು ಹೋದ್ರಲ್ಲ.”

ಹಾಗಾದರೆ ತಾನು ನಿರಪರಾಧಿಯೆಂದು ತಿಳಿದೂ ಈ ಹೆಂಗಸು ಬಾಯಿಬಿಟ್ಟಿಲ್ಲ. ಶಂಕೆ ರೋಷವಾಯಿತು. ನೇರವಾಗಿ ಅವರ ಕೋಣೆಗೆ ನುಗ್ಗಿ, ನನ್ನ ಕೆಲಸವನ್ನು ಆ ತಂಡದವರಿಗೆ ಕೊಟ್ಟುಬಿಟ್ಟಿರಾ ಎಂದು ಕೇಳಿದಳು.

ಮೇಡಂ ಎದ್ದು ಬಾಗಿಲು ಮುಚ್ಚಿ, ಎಳೆದು ನೋಡಿ, ಬಂದು ಕುಳಿತರು. ಆಮೇಲೆ ಅವರಿಂದ ತಿಳಿದದ್ದು ಇಷ್ಟು: ಕಬ್ಬಿಣದ ಮೋಡಗಳಿಗಾಗಿ ತಾವು ವರ್ಷಗಟ್ಟಲೆ ಕಾದು ಪಡೆದಿದ್ದ ದೂರದರ್ಶಕದ ಸಮಯವನ್ನು ಅವರು ಶಿಷ್ಯೆಯ ಗ್ರಹಕ್ಕೆ ಬಿಟ್ಟುಕೊಟ್ಟಿದ್ದರು. ಕಲೆಗಳಿರುವ ಮಗ್ಗುಲನ್ನು ನಕ್ಷತ್ರ ಯಾವಾಗ ಆಚೆ ತಿರುಗಿಸುತ್ತದೆಂಬ ಲೆಕ್ಕವನ್ನು ಪ್ರತಿಸ್ಪರ್ಧಿಯಿಂದ ಬೇಡಿ ತಂದು, ಆ ವೇಳೆಗೇ ಹೊಸ ವೀಕ್ಷಣೆ ಮಾಡಿಸಿದ್ದರು. ಅದನ್ನು ಸಂಬಂಧವಿಲ್ಲದವರು ಬೇರೆಯಾಗಿ ಅಳೆದು ಮುಗಿಸುವ ತನಕ ಶಿಷ್ಯೆಗೆ ಸುಳಿವು ಹತ್ತಬಾರದಿತ್ತು.

“ನಿನಗೆ ಹೇಳಿದ್ರೆ ಲೆಕ್ಕದೊಳಗೆ ಆಸೆ ಸೇರ್ಕೊಳ್ಳುತ್ತೆ,” ಎಂದರು. ಬಳಿಕ ಕಿಟಕಿಯ ಕಡೆ ನೋಡುತ್ತ, “ದೂರದರ್ಶಕದ ವಿಷಯದಲ್ಲಿ ಆ ಮಾತು ನಾನು ಆಡಬಾರದಿತ್ತು. ಗೊತ್ತಾದ ದಿನಾನೇ ಬಂದು ಹೇಳಬೇಕಿತ್ತು. ಬಾಯಿ ಬರ್ಲಿಲ್ಲ,” ಎಂದು ಸೇರಿಸಿದರು.

ಆ ಅಳತೆ ಆಗಷ್ಟೇ ಮುಗಿದಿತ್ತು. ಕಲೆಯಿಲ್ಲದ ಮಗ್ಗುಲಿನಲ್ಲಿ ನೀರಿನ ಗುರುತು ಇರಲಿಲ್ಲ, ಅದು ನಕ್ಷತ್ರದ ಕಲೆಗಳದ್ದೇ. ಪತ್ರಕರ್ತರಿಗೆ ಬರಬೇಡಿರೆಂದು ಹೇಳಲಾಯಿತು. ಶಿಷ್ಯೆ ಅಂದು ಅತ್ತಳು. ಗ್ರಹಕ್ಕಾಗಿಯೋ ಗುರುವಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ನಕ್ಷತ್ರದ ಕಲೆಗಳು ಹೇಗೆ ಕಣ್ಣಿಗೆ ಮಣ್ಣೆರಚುತ್ತವೆಂದು ಮುಂದೆ ಪ್ರಕಟವಾದ ಪ್ರಬಂಧದಲ್ಲಿ ಆಕೆಯ ಹೆಸರೇ ಮೊದಲಿತ್ತು, ಮೇಡಂ ಹೆಸರು ಕೊನೆಗೆ. ಆದರೂ ಅವರಿಬ್ಬರ ನಡುವೆ ಸಲಿಗೆಯೆಂಬುದು ಬೆಳೆಯಲಿಲ್ಲ.

ಇಂಥವರ ಬಳಿ ಬಾಳುವುದು ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಹಿರಿಯರ ಮಾತನ್ನು ಅವರು ಆಕಾಶಕ್ಕೂ ಮನುಷ್ಯರಿಗೂ ಒಂದೇ ಅಳತೆಯಲ್ಲಿ ಅನ್ವಯಿಸುತ್ತಾರೆ. ನಕ್ಷತ್ರಕ್ಕೆ ನೋವಾಗುವುದಿಲ್ಲ, ಮನುಷ್ಯರಿಗಾಗುತ್ತದೆ. ಆದರೆ ಲೋಕದ ರೂಢಿಯಲ್ಲಿ ಮೆಚ್ಚುಗೆ ಮುಖದೆದುರು, ಚಾಡಿ ಬೆನ್ನ ಹಿಂದೆ. ಈ ಜಾತಿಯ ಜನ ಅನುಮಾನವನ್ನು ಮುಖದೆದುರು ಆಡಿ ಮುಗಿಸಿ, ಉಪಕಾರವನ್ನು ಬೆನ್ನ ಹಿಂದೆ ಮಾಡುತ್ತಾರೆ. ಆ ಉಪಕಾರದತ್ತ ತಿರುಗಿ ನೋಡುವ ಹೊತ್ತಿಗೆ ನಾವು ಬಹುಮಂದಿ ಮುನಿಸಿಕೊಂಡು ದೂರ ನಡೆದುಬಿಟ್ಟಿರುತ್ತೇವೆ.