ಮಗ್ಗ ನಿಲ್ಲಿಸಿದ ಮಧ್ಯಾಹ್ನ

ದುಡ್ಡು ಕೇಳುವುದಕ್ಕೂ ಒಂದು ಮುಖ ಬೇಕು. ನನಗೆ ಅದಿಲ್ಲ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ವಾಣಿ ಎಂದರೆ ಬಾಯಿ ಜೋರು ಅಂತಲೇ ಹೆಸರು. ಗಂಡನ ಮನೆ ಬಿಟ್ಟು ಬಂದು ಹದಿನಾಲ್ಕು ವರ್ಷವಾಯಿತು. ಅವತ್ತಿನಿಂದ ಅಮ್ಮ, ನಾನು, ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಓಡಿಸುವ ಎರಡು ಪವರ್‌ಲೂಮು, ಇಷ್ಟೇ ನನ್ನ ಸಂಸಾರ. ಕರೆದ ಹಬ್ಬಕ್ಕೆ ಹೋಗದೆ, “ಯಾಕಮ್ಮ, ಮತ್ತೆ ಗಂಡನ ಹತ್ರ ಹೋಗಲ್ವಾ?” ಎಂದವರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟುಕೊಂಡು ಬಂದವಳು, ಈಗ ಅದೇ ಬಾಗಿಲುಗಳ ಮುಂದೆ ಚಪ್ಪಲಿ ಬಿಟ್ಟು ನಿಲ್ಲಬೇಕಾಗಿತ್ತು.

ಅಮ್ಮನ ಹೃದಯದ ಒಂದು ವಾಲ್ವ್ ಕೆಟ್ಟಿತ್ತು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಒಂಬತ್ತು ದಿನವಾಗಿತ್ತು. ರೇಷನ್ ಕಾರ್ಡಿನ ಮೇಲೆ ಸರ್ಕಾರದಿಂದ ಬರುವುದು ಬಂದು, ನನ್ನ ಓಲೆ, ಅಮ್ಮನ ಬಳೆ ಎಲ್ಲ ಮಾರಿದ ಮೇಲೂ ನಲವತ್ತು ಸಾವಿರ ಕಮ್ಮಿ ಬಿದ್ದಿತ್ತು. ಶುಕ್ರವಾರ ಸಂಜೆಯೊಳಗೆ ಕಟ್ಟಿದರೆ ಶನಿವಾರ ಆಪರೇಷನ್. ಇಲ್ಲವಾದರೆ ಆ ಸರದಿ ಬೇರೆಯವರಿಗೆ ಹೋಗುತ್ತದೆ, ನಮ್ಮದು ಮುಂದಿನ ತಿಂಗಳು. ಅಲ್ಲಿಯವರೆಗೆ ಕಾಯುವ ಶಕ್ತಿ ಇವರಿಗಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಬೀದಿಯಲ್ಲಿ ನನಗೆ ಧಾರಾಳವಾಗಿ ಸಿಕ್ಕಿದ್ದು ಸಲಹೆ. ಆ ಆಸ್ಪತ್ರೆ ಯಾಕೆ, ಈ ಆಸ್ಪತ್ರೆಗೆ ಸೇರಿಸಬೇಕಿತ್ತು. ಎಮ್ಮೆಲ್ಲೆ ಹತ್ತಿರ ಒಂದು ಲೆಟರ್ ತಗೋಬೇಕಿತ್ತು. ಪಕ್ಕದ ಮನೆಯ ಅಮ್ಮಯಮ್ಮ, ಅಮ್ಮನ ಜೊತೆ ನಲವತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವಳು, ಇನ್ನೂರು ರೂಪಾಯಿ ಮತ್ತು ಮಂತ್ರಿಸಿದ ದಾರ ಕೊಟ್ಟಳು. ನಮ್ಮ ಬೀದಿಯ ನೇಕಾರರ ಸಂಘದ ಅಧ್ಯಕ್ಷ ವೆಂಕಟರಾಮಪ್ಪನವರು, “ಸೀರೆ ವ್ಯಾಪಾರ ಬಿದ್ದೋಗಿದೆ ಕಣಮ್ಮ, ಯಾರ ಹತ್ರ ಇದೆ ಹೇಳು” ಎಂದರು. ಸುಳ್ಳೇನಲ್ಲ. ಆದರೆ ನಿಜ ಹೇಳಿದವರ ಮೇಲೂ ಸಿಟ್ಟು ಬರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

“ಬಾಯ್ಬಿಟ್ಟು ಕೇಳಕ್ಕಾಗ್ದಿದ್ರೆ ವಾಟ್ಸಾಪಲ್ಲಿ ಹಾಕಕ್ಕ, ಫೋಟೋ ಕಳ್ಸು, ನಾನು ನೀಟಾಗಿ ಮಾಡ್ಕೊಡ್ತೀನಿ” ಎಂದವನು ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿರುವ ಮುನೀಂದ್ರ. ಅಮ್ಮ ಒಬ್ಬಳೇ ಇರುವ ಫೋಟೋ ಇದ್ದದ್ದು ಒಂದೇ, ಪಿಂಚಣಿಗೆಂದು ತೆಗೆಸಿದ್ದು. ಅದನ್ನೇ ಕಳಿಸಿದೆ. ಶುಕ್ರವಾರ ಬೆಳಗ್ಗೆ ಅವನಿಂದ ವಾಪಸ್ ಬಂದಾಗ ನಾನು ಆಸ್ಪತ್ರೆಯ ಔಷಧಿ ಕ್ಯೂನಲ್ಲಿದ್ದೆ, ಸರಿಯಾಗಿ ನೋಡಲಿಲ್ಲ. ಬರೆದಿಟ್ಟುಕೊಂಡಿದ್ದ ಮಾತುಗಳನ್ನು ಅದರ ಕೆಳಗೆ ಸೇರಿಸಿದೆ. ಮೊದಲ ಸಾಲಿಗೇ ದುಡ್ಡು ಎನ್ನುವುದು ಹೇಗೆ? ಅದಕ್ಕೆ ಮರ್ಯಾದೆಯಾಗಿ ಶುರು ಮಾಡಿದ್ದೆ: “ಬೀದಿಯ ಸಮಸ್ತ ಕುಲಬಾಂಧವರಿಗೂ ದುಃಖದಿಂದ ತಿಳಿಸುವುದೇನೆಂದರೆ, ನಮ್ಮ ತಾಯಿಯವರಾದ ಶ್ರೀಮತಿ ಗಂಗಲಕ್ಷ್ಮಮ್ಮನವರು...” ಕಾಯಿಲೆ, ಆಸ್ಪತ್ರೆ, ಬ್ಯಾಂಕ್ ನಂಬರು ಎಲ್ಲ ಅದರ ಕೆಳಗಿತ್ತು. ಸಂಘದ ಗ್ರೂಪಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ಆಸ್ಪತ್ರೆಯವರು ಅಸಲು ರೇಷನ್ ಕಾರ್ಡ್ ಬೇಕೇ ಬೇಕು ಎಂದದ್ದರಿಂದ ಅದನ್ನು ತರಲು ಊರಿನ ಬಸ್ಸು ಹತ್ತಿದೆ.

ಬೀದಿಯ ತುದಿಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಒಂದು ಮಗ್ಗದ ಸದ್ದೂ ಇರಲಿಲ್ಲ. ಕರೆಂಟ್ ಹೋಗಿದೆ ಅಂದುಕೊಂಡೆ. ಆದರೆ ಟೀ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ನಮ್ಮ ಬೀದಿಯಲ್ಲಿ ಕರೆಂಟ್ ಇದ್ದೂ ಮಗ್ಗ ನಿಲ್ಲುವುದು ಒಂದೇ ಕಾರಣಕ್ಕೆ. ಯಾರ ಮನೆಯಲ್ಲಿ ಸಾವಾದರೂ ಹೆಣ ಎತ್ತುವವರೆಗೆ ಉಳಿದ ಎಪ್ಪತ್ತಾರು ಮನೆಯವರೂ ಸ್ವಿಚ್ ಆರಿಸುತ್ತಾರೆ, ಮನೆಗೆ ಐನೂರರಂತೆ ಎತ್ತಿ ಸಾವಿನ ಖರ್ಚಿಗೆ ಕೊಡುತ್ತಾರೆ. ಎಂಥ ಜಗಳವಿದ್ದರೂ ಇದನ್ನು ಯಾರೂ ತಪ್ಪಿಸಿದ್ದಿಲ್ಲ. ಪಾಪ, ಯಾರು ಹೋದರೋ ಎಂದುಕೊಂಡು ನಡೆದೆ.

ಶಾಮಿಯಾನ ಹಾಕಿದ್ದದ್ದು ನಮ್ಮ ಮನೆಯ ಮುಂದೆ.

ಅಲ್ಲೇ ಚರಂಡಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ನಾನು ಬಸ್ಸಿನಲ್ಲಿದ್ದಾಗ ಅಮ್ಮ ಹೋಗಿಬಿಟ್ಟಳು, ನನ್ನ ಫೋನ್ ಸಿಗದೆ ಆಸ್ಪತ್ರೆಯವರು ಇವರಿಗೆ ಹೇಳಿದ್ದಾರೆ. ಬೇರೆ ಏನು ಯೋಚನೆ ಬರುತ್ತದೆ? ಅಮ್ಮಯಮ್ಮ ಓಡಿ ಬಂದು ನನ್ನ ಕುತ್ತಿಗೆ ತಬ್ಬಿಕೊಂಡು ಬೋರೆಂದು ಅತ್ತಳು. ನಾನೂ ಅತ್ತೆ. ಹದಿನಾಲ್ಕು ವರ್ಷದಲ್ಲಿ ಆ ಬೀದಿಯಲ್ಲಿ ಯಾರೂ ನನ್ನನ್ನು ತಬ್ಬಿಕೊಂಡಿರಲಿಲ್ಲ.

“ಬಾಡಿ ಎಷ್ಟೊತ್ತಿಗೆ ಬರುತ್ತಮ್ಮ?” ಎಂದರು ವೆಂಕಟರಾಮಪ್ಪನವರು.

“ನಿಮಗೆ ಯಾರಣ್ಣ ಫೋನ್ ಮಾಡಿದ್ದು?”

“ಯಾರೂ ಮಾಡಿಲ್ಲ. ನೀನೇ ಬೆಳಗ್ಗೆ ಗ್ರೂಪಲ್ಲಿ ಹಾಕಿದ್ದೀಯಲ್ಲಮ್ಮ.”

ಅವರ ಫೋನ್ ಕಿತ್ತುಕೊಂಡು ನೋಡಿದೆ. ಅಮ್ಮನ ಫೋಟೋದ ಎರಡೂ ಪಕ್ಕ ಉರಿಯುವ ದೀಪ, ಕೆಳಗೆ ತಾವರೆ ಹೂ. ಮುನೀಂದ್ರನಿಗೆ ದಿನಾ ಶ್ರದ್ಧಾಂಜಲಿ ಕಾರ್ಡು ಮಾಡಿ ಮಾಡಿ ಅಭ್ಯಾಸ. ಮುದುಕಿಯ ಫೋಟೋ ಕಂಡರೆ ಅವನ ಕೈ ತಾನಾಗಿಯೇ ದೀಪ ಹಚ್ಚುತ್ತದೆ. ಅದರ ಕೆಳಗೆ ‘ದುಃಖದಿಂದ ತಿಳಿಸುವುದೇನೆಂದರೆ’ ಎಂಬ ನನ್ನ ಸಾಲು. ಅದರಿಂದ ಮುಂದಕ್ಕೆ ಯಾರೂ ಓದಿರಲಿಲ್ಲ. ಐವತ್ತಕ್ಕೂ ಹೆಚ್ಚು ಜನ ಓಂ ಶಾಂತಿ ಎಂದು ಬರೆದಿದ್ದರು.

ಅದೇ ಫೋನಿನಿಂದ ವಾರ್ಡಿಗೆ ಮಾಡಿದೆ. “ಗಂಜಿ ಕುಡಿದು ಮಲಗಿದ್ದಾರೆ, ರೇಷನ್ ಕಾರ್ಡ್ ಬೇಗ ತನ್ನಿ” ಎಂದರು ನರ್ಸು.

“ಬದುಕಿದ್ದಾಳೆ ಕಣ್ರೋ ನಮ್ಮಮ್ಮ! ಗಂಜಿ ಕುಡಿದಿದ್ದಾಳೆ!” ಎಂದು ಕೂಗಿದೆ.

ಸಂತೋಷವಾಗಬೇಕಿತ್ತು. ಯಾರೋ ಹಾರವನ್ನು ಬೆನ್ನ ಹಿಂದೆ ಸರಿಸಿಕೊಂಡರು. ಯಾರೋ ಬಾಗಿಲ ಮುಂದಿನ ಬೆಂಕಿಗೆ ನೀರು ಸುರಿದರು. ಅಮ್ಮಯಮ್ಮ ಕಣ್ಣೊರೆಸಿಕೊಂಡು, “ಥೂ, ಹಿಂಗಾ ಹಾಕೋದು? ಅರ್ಧ ದಿನದ ಕೂಲಿ ಹೋಯ್ತು ಎಲ್ಲರದೂ” ಎಂದಳು. ಒಬ್ಬೊಬ್ಬರೇ ಎದ್ದು ಕುರ್ಚಿ ಮಡಚತೊಡಗಿದರು. ಅಮ್ಮ ಬದುಕಿರುವುದು ನನ್ನದೇ ತಪ್ಪು ಎಂಬಂತೆ ನಾನು ಮಧ್ಯದಲ್ಲಿ ನಿಂತಿದ್ದೆ. ನನ್ನಷ್ಟು ಒಂಟಿ ಆ ಊರಲ್ಲಿ ಯಾರೂ ಇರಲಿಕ್ಕಿಲ್ಲ.

ಆಗ ವೆಂಕಟರಾಮಪ್ಪನವರ ಕಂಕುಳಲ್ಲಿದ್ದ ಚೀಲದ ಮೇಲೆ ನನ್ನ ಕಣ್ಣು ಬಿತ್ತು. ಎಪ್ಪತ್ತಾರು ಮನೆ, ಮೂವತ್ತೆಂಟು ಸಾವಿರ. ಉಳಿದ ಎರಡು ಸಾವಿರ ಹೇಗೋ ಹೊಂದಿಸಬಹುದು.

“ಅಣ್ಣ, ಅದನ್ನ ಕೊಡಿ. ಸಂಜೆಯೊಳಗೆ ಕಟ್ಟಬೇಕು.”

“ಇದು ಸಾವಿಗೆ ಅಂತ ಎತ್ತಿದ್ದಮ್ಮ. ಬದುಕಿರೋರಿಗೆ ಕೊಟ್ರೆ ಅವರಿಗೇ ಒಳ್ಳೇದಲ್ಲ. ಮನೆಮನೆಗೆ ವಾಪಸ್ ಕೊಟ್ಬಿಡ್ತೀವಿ.”

“ಅಮ್ಮ ಸತ್ತಾಗ ಕೊಡ್ತೀರಾ?”

“ಕೊಡದೆ ಇರ್ತೀವಾ? ಎಂಥ ಮಾತಾಡ್ತೀಯ.”

“ಅದನ್ನೇ ಈಗ ಕೊಟ್ಬಿಡಿ. ಆಮೇಲೆ ಅವಳು ಯಾವತ್ತು ಹೋದ್ರೂ ನೀವು ಒಂದು ರೂಪಾಯಿ ಕೊಡೋದು ಬೇಡ, ಮಗ್ಗ ನಿಲ್ಸೋದು ಬೇಡ, ಯಾರೂ ಬರೋದೂ ಬೇಡ. ನಾನೊಬ್ಬಳೇ ನೋಡ್ಕೊಳ್ತೀನಿ.”

ಜೋರು ಬಾಯಿಯ ವಾಣಿ ಮತ್ತೆ ಏನೋ ಅಂದಳು ಎಂದು ಕೆಲವರು ಮುಖ ತಿರುಗಿಸಿದರು. ನಾನು ಜಗಳಕ್ಕೆ ಅಂದದ್ದಲ್ಲ. ಅಮ್ಮನನ್ನು ಉಳಿಸಿಕೊಳ್ಳಲು ನನ್ನ ಹತ್ತಿರ ಮಾರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ನಾಲ್ಕು ಜನ ಹಿರಿಯರು ಟೀ ಅಂಗಡಿಯ ಪಕ್ಕ ಹೋಗಿ ಮಾತಾಡಿಕೊಂಡು ಬಂದರು. ಯಾರೂ ಆಗದು ಎನ್ನಲಿಲ್ಲ. “ಪುಸ್ತಕಕ್ಕೆ ಬರೀಬೇಕಾಗುತ್ತಮ್ಮ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳಬೇಕಲ್ಲ” ಎಂದರು ವೆಂಕಟರಾಮಪ್ಪನವರು. ಅವರ ದನಿ ತಗ್ಗಿತ್ತು.

ಸಂಘದ ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು. ‘ಮೃತರ ಹೆಸರು’ ಎಂಬುದರ ಕೆಳಗೆ ನನ್ನ ಕೈಯಾರೆ ಗಂಗಲಕ್ಷ್ಮಮ್ಮ ಎಂದು ಬರೆದೆ. ದಿನಾಂಕದ ಹತ್ತಿರ ಪೆನ್ನು ನಿಂತಿತು.

“ಅದನ್ನ ಖಾಲಿ ಬಿಡಮ್ಮ” ಎಂದರು.

ಸಹಿ ಹಾಕಿ ದುಡ್ಡು ತಗೊಂಡೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ರೇಷನ್ ಕಾರ್ಡ್ ಹುಡುಕಿ, ಫೋನಿಗೆ ಸ್ವಲ್ಪ ಚಾರ್ಜ್ ಹಾಕಿ ಹೊರಗೆ ಬರುವ ಹೊತ್ತಿಗೆ ಶಾಮಿಯಾನ ಬಿಚ್ಚಿಯಾಗಿತ್ತು. ಆ ತುದಿಯಿಂದ ಒಂದೊಂದೇ ಮಗ್ಗ ಓಡತೊಡಗಿತು.

ಬಸ್ಸು ರಾಜಾನುಕುಂಟೆ ದಾಟಿದಾಗ ಅಮ್ಮ ಪಕ್ಕದ ಮಂಚದವರ ಫೋನಿನಿಂದ ಮಾಡಿದಳು. ದನಿ ಸಣ್ಣಗಾಗಿತ್ತು.

“ವಾಣಿ, ಇಲ್ಲಿ ಎಲ್ಲಾರ್ನೂ ನೋಡಕ್ಕೆ ದಿನಾ ಜನ ಬರ್ತಾರೆ ಕಣೆ. ನನ್ನ ಬೀದೀಲಿ ಯಾರೂ ಕೇಳ್ಲೇ ಇಲ್ವಾ?”

“ಕೇಳದೆ ಏನಮ್ಮ? ಇವತ್ತು ಇಡೀ ಬೀದಿ ನಮ್ಮನೆ ಮುಂದೆ ಬಂದಿತ್ತು.” ಮಗ್ಗ ನಿಲ್ಲಿಸಿ ಬಂದಿದ್ದರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

“ಸುಳ್ಳು ಹೇಳ್ಬೇಡ.”

“ನಿನ್ನಾಣೆ.”

“ಅಮ್ಮಯಮ್ಮ ಬಂದಿದ್ಲಾ?”

“ನನ್ನ ತಬ್ಕೊಂಡು ಅತ್ತುಬಿಟ್ರು.”

“ವೆಂಕಟರಾಮಪ್ಪ?”

“ಅವರೇ ಮನೆಮನೆಗೂ ಹೋಗಿ ದುಡ್ಡು ಎತ್ತಿದ್ದು. ತಗೊಂಡೇ ಬರ್ತಿದ್ದೀನಿ. ನಾಳೆ ಆಪರೇಷನ್ ಆಗುತ್ತೆ.”

ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ನೀನು ಎಲ್ಲಾರ ಹತ್ರನೂ ಜಗಳ ಆಡ್ಕೊಂಡಿದ್ದೆ. ನೋಡು ಎಂಥ ಜನ” ಎಂದಳು. “ಇನ್ನು ನನಗೆ ಭಯ ಇಲ್ಲ ಬಿಡು. ನಾನು ಯಾವತ್ತು ಹೋದ್ರೂ ನೀನು ಒಬ್ಳೇ ಆಗಲ್ಲ. ಬೀದಿ ಇದೆ ನಿನಗೆ.”

ನಾನು ಮಡಿಲಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಹೂಂ ಅಮ್ಮ, ಇದೆ” ಎಂದೆ.