ಚೀಟಿಯಲ್ಲಿದ್ದ ಟಗರು

ಮಾಳಪ್ಪನ ಬಲ ಮೊಣಕಾಲು ಈ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಸಲ ಮೆಟ್ಟಿಲ ಮೇಲೆಯೇ ಸಿಕ್ಕಿಕೊಂಡಿತು. ಮಡಚಲೂ ಬರಲಿಲ್ಲ, ಚಾಚಲೂ ಬರಲಿಲ್ಲ. ಕುಲಗೋಡದ ಅವನಿಗೆ ನಲವತ್ತಾರು ವರ್ಷ. ಸಕ್ಕರೆ ಕಾರ್ಖಾನೆಯ ರಸ ಕುದಿಸುವ ವಿಭಾಗದಲ್ಲಿ ಕೆಲಸ. ಮೂವತ್ತೆಂಟು ಕಬ್ಬಿಣದ ಮೆಟ್ಟಿಲುಗಳನ್ನು ಒಂದು ಪಾಳಿಯಲ್ಲಿ ಹತ್ತು ಸಲವಾದರೂ ಹತ್ತಿಳಿಯಬೇಕು. ಕಬ್ಬು ತೂಗುವ ಕಾಟಾದಲ್ಲಿ ಕುಳಿತು ಮಾಡುವ ಕೆಲಸದ ಒಂದು ಜಾಗ ಖಾಲಿಯಾಗಿತ್ತು. ಕೆಲಸದ ವೇಳೆ ಗಾಯಗೊಂಡವರಿಗೆ ಮೊದಲ ಆದ್ಯತೆ ಎಂದು ನೋಟಿಸಿನಲ್ಲಿತ್ತು.

ಘಟಪ್ರಭಾದ ಎಲುಬಿನ ಡಾಕ್ಟರ್ ರಾಧಿಕಾ ಸ್ಕ್ಯಾನ್ ನೋಡಿ ಕೇಳಿದರು:

“ಮೊದಲ ಈ ಕಾಲಿಗೆ ಪೆಟ್ಟು ಬಿದ್ದಿತ್ತೇನ್ರಿ?”

“ಬಿದ್ದಿತ್ರಿ. ಒಂಬತ್ತ ವರ್ಷಾತು. ಕಾರ್ಖಾನ್ಯಾಗ ನೆಲಕ್ಕ ಚೆಲ್ಲಿದ್ದ ಕಾಕಂಬಿ ಪಾಕದ ಮ್ಯಾಲ ಜಾರಿದ್ದೆ. ಎರಡ ತಿಂಗಳಿಗೆ ಆರಾಮ ಆತು.”

“ಆರಾಮ ಆಗಿರಲಿಲ್ಲ, ನೋವು ಕಡಿಮಿ ಆಗಿತ್ತು. ಎಲುಬಿನ ನಡುವಿನ ಗಾದಿ ಅವಾಗ ಹರದೈತಿ. ಈಗ ಎಲುಬು ಸವದೈತಿ.”

“ಅಷ್ಟ ಹಳೇ ಪೆಟ್ಟಿಂದ ಈಗ ಹಿಂಗ ಆಗತೈತೇನ್ರಿ?”

“ಆಗತೈತಿ. ವಯಸ್ಸಾದ್ರೂ ಸವೀತಾವು. ಆದ್ರ ವಯಸ್ಸು ಎರಡೂ ಕಾಲಿಗೆ ಒಂದ ಅಲ್ಲೇನು? ನಿಮ್ಮ ಎಡಗಾಲು ಛಲೋ ಐತಿ.”

ಹಳೆಯ ಗಾಯದಿಂದಲೇ ಆಗಿರುವ ಸಾಧ್ಯತೆ ಹೆಚ್ಚು, ಮೆಟ್ಟಿಲು ಹತ್ತಬಾರದು ಎಂದು ಬರೆದುಕೊಟ್ಟರು.

ಕಾರ್ಖಾನೆಯ ಕಾರ್ಮಿಕ ಅಧಿಕಾರಿ ಬಸವಲಿಂಗ ಆ ಪತ್ರವನ್ನು ಎರಡು ಸಲ ಓದಿ, ಮಾಳಪ್ಪನ ಹಳೆಯ ಫೈಲು ತರಿಸಿದ. ಹಾಳೆ ತಿರುವುತ್ತ ನಕ್ಕ.

“ಟಗರ ಎಷ್ಟ ಕೆ.ಜಿ. ಇತ್ತೋ ಮಾಳಪ್ಪ?”

ಒಂಬತ್ತು ವರ್ಷದ ಹಿಂದಿನ ರಜೆ ಅರ್ಜಿಗೆ ಗೋಕಾಕದ ದವಾಖಾನೆಯ ಚೀಟಿ ಅಂಟಿಸಿತ್ತು. ‘ಮನೆಯಲ್ಲಿ ಟಗರು ಹಾಯ್ದು ಮೊಣಕಾಲಿಗೆ ಪೆಟ್ಟು. ರೋಗಿಯ ಹೇಳಿಕೆ.’

ಅಂದು ಜೀಪಿನಲ್ಲಿ ಕರೆದೊಯ್ಯುವಾಗ ಮೇಸ್ತ್ರಿ ದುಂಡಪ್ಪ ಹೇಳಿಕೊಟ್ಟಿದ್ದ: “ಈ ತಿಂಗಳ ನಿನ್ನ ಕಾಯಂ ಮಾಡವರದಾರ. ಇಲ್ಲಿ ಬಿದ್ದೆ ಅಂದ್ರ ಎನ್‌ಕ್ವಾಯರಿ ಕುಂಡರತೈತಿ, ಕಾಯಂ ಆಗೂದು ನಿಲ್ಲತೈತಿ. ನಿಮ್ಮದು ಕುರಿ ಕಾಯೋ ಮನಿತನ, ಟಗರ ಹಾಯ್ತು ಅನ್ನು. ಯಾರೂ ಎರಡನೇ ಮಾತ ಕೇಳಂಗಿಲ್ಲ.” ಯಾರೂ ಕೇಳಲಿಲ್ಲ. ಆ ತಿಂಗಳೇ ಅವನು ಕಾಯಂ ಆದ.

“ಸಾಹೇಬ್ರ, ಅದು ದುಂಡಪ್ಪ ಮೇಸ್ತ್ರಿ ಹೇಳಿಸಿದ್ದು.”

“ಕರಕೊಂಡ ಬಾ ಅವನ್ನ.”

“ತೀರಕೊಂಡಾರ್ರಿ.”

ಬಸವಲಿಂಗ ಚೀಟಿಯನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟ. “ಡಾಕ್ಟರ್ ಬರದದ್ದು ನಾ ಇಲ್ಲ ಅನ್ನಂಗಿಲ್ಲ. ಹಳೇ ಪೆಟ್ಟಿಂದನ ಆಗೈತಿ. ಆದ್ರ ಪೆಟ್ಟು ಕೊಟ್ಟದ್ದು ನಿಮ್ಮನಿ ಟಗರ. ನೀನ ಹೇಳಿದ್ದು.”

ಕಾಟಾದ ಅರ್ಜಿಯನ್ನು ಹಿಂದಕ್ಕೆ ಕೊಟ್ಟ. ಮಾಳಪ್ಪ ಡಾಕ್ಟರ ಪತ್ರಕ್ಕೂ ಕೈ ಚಾಚಿದ.

“ಇದು ಇಲ್ಲೇ ಇರಲಿ. ಇದನ್ನ ಓದಿದ ಮ್ಯಾಲ ನಿನ್ನ ಮೆಟ್ಟಲ ಹತ್ತಸಾಕ ಬರಂಗಿಲ್ಲ. ನಾಳಿಂದ ಪಾಳಿಗೆ ಬರಬ್ಯಾಡ.”

“ಮತ್ತ ಎಲ್ಲಿಗೆ ಬರ್ಲಿ ರೀ?”

“ಮನ್ಯಾಗ ಇರು. ತಿಳಿಸ್ತೀವಿ.”

ಗೇಟಿನ ಹೊರಗೆ ಬಂದಾಗ ಹೆಂಡತಿ ಮರೆವ್ವನ ಫೋನು ಬಂತು.

“ಡಾಕ್ಟರ್ ಕಾಗದ ಇಸಗೊಂಡ್ರೇನ್ರಿ?”

“ಇಸಗೊಂಡ್ರು.”

“ಒಪ್ಪಿದ್ರು?”

“ಒಪ್ಪಿದ್ರು.”

“ಛಲೋ ಆತ ತಗೋರಿ,” ಎಂದಳು ಮರೆವ್ವ. “ಇನ್ನ ಮ್ಯಾಲ ಕುಂತ ಕೆಲಸ.”